ಗುರುತು ಅಳಿಸುವ ಕೆಲಸ

ಜುರಾಂಗ್ ವೆಸ್ಟ್, ಸಿಂಗಪುರ
16 ಜೂನ್ 2024

ಪ್ರೀತಿಯ ಪ್ರಣತಿ ಅಕ್ಕ,

ಮೆಲ್ಬರ್ನ್ ಚಳಿಯಲ್ಲಿ ಹೇಗಿದ್ದೀಯ? ನಿನ್ನ ಮೂರು ಮೆಸೇಜಿಗೂ ಬರೀ ಹೆಬ್ಬೆರಳು ತೋರಿಸಿ ಸುಮ್ಮನಾದೆ, ಕೋಪ ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ಎಲ್ಲವನ್ನೂ ತಮಾಷೆ ಮಾಡಿಬಿಡುತ್ತೇನೆ, ಅದಕ್ಕೇ ಕಾಗದ. ಅದೂ ಕನ್ನಡದಲ್ಲಿ, ಭಾನುವಾರದ ಕನ್ನಡ ತರಗತಿಯೊಂದೇ ನಾನು ಮಧ್ಯದಲ್ಲಿ ಬಿಡದ ಶಾಲೆ.

ಅಮ್ಮ ಆರಾಮಾಗಿದ್ದಾಳೆ. ಅಪ್ಪ ಮುಂದಿನ ತಿಂಗಳಿಂದ ಯೂನಿವರ್ಸಿಟಿಯಲ್ಲಿ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರು. ನಿನಗೆ ಗೊತ್ತೇ ಇದೆ. ಕಲ್ಲಾಂಗ್‌ನ ಬ್ಯಾಡ್ಮಿಂಟನ್ ಅಂಗಡಿಯ ಕೆಲಸವನ್ನು ನಾನು ಐದನೇ ವಾರಕ್ಕೆ ಬಿಟ್ಟೆ. ಅಲ್ಲಿ ಯಾರ ತಪ್ಪೂ ಇರಲಿಲ್ಲ. ಬೇಜಾರಾಯಿತು, ಬಿಟ್ಟೆ.

ಆಮೇಲೆ ಬುಕಿತ್ ಪಂಜಾಂಗ್‌ನ ನಳಿನಿ ಆಂಟಿ, ಟೈಪಿಂಗ್ ಗುತ್ತಿಗೆ ಹಿಡಿಯುವ ಅಮ್ಮನ ಗೆಳತಿ, ಒಂದು ಕೆಲಸ ಕೊಟ್ಟರು. ಎಂಜಿನಿಯರಿಂಗ್ ಪ್ರೊಫೆಸರುಗಳು ನಾಯಕತ್ವ ಎಂದರೆ ಏನೆಂದುಕೊಂಡಿದ್ದಾರೆ ಎಂದು ಯಾರೋ ಸಂಶೋಧನೆ ಮಾಡುತ್ತಿದ್ದಾರಂತೆ. ಸಂದರ್ಶನಗಳ ಧ್ವನಿಮುದ್ರಣ ಕೇಳಿ ನಾನು ಟೈಪ್ ಮಾಡಬೇಕು. ಮಾತನಾಡಿದವರಿಗೆ ಹೆಸರಿಲ್ಲ, ಬರೀ ನಂಬರ್. ಆಂಟಿಗೂ ಅಷ್ಟೇ ಗೊತ್ತು.

“ಒಂದಕ್ಷರ ಬಿಡೋ ಹಾಗಿಲ್ಲ ತನು. ಕೆಮ್ಮಿದ್ರೆ ಕೆಮ್ಮು ಅಂತ ಹಾಕು, ಸುಮ್ನಿದ್ರೆ ಎಷ್ಟು ಸೆಕೆಂಡ್ ಅಂತ ಹಾಕು. ಯಾರು ಅಂತ ಗುರುತು ಸಿಗೋ ಮಾತಿದ್ರೆ ಅದನ್ನ ಮಾತ್ರ ಅಳಿಸಿ ಕಪ್ಪು ಗೆರೆ ಹಾಕು. ಗೊತ್ತಿರೋರ ವಾಯ್ಸ್ ಬಂತೋ, ಅಲ್ಲೇ ಸ್ಟಾಪ್ ಮಾಡಿ ನಂಗೆ ವಾಪಸ್ ಕೊಡು,” ಎಂದರು.

ಎಂಟು ಜನರದು ಮುಗಿಸಿದೆ. ಹೆಚ್ಚಿನವರು ಶುರು ಮಾಡುವುದೇ “ನಾನು ಲೀಡರ್ ಅಲ್ಲ, ಎಂಜಿನಿಯರ್” ಎಂದು. ಒಬ್ಬರು, ವಿಷಯದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿದ್ದರೆ ಉಳಿದವರು ತಾವಾಗಿಯೇ ಹಿಂದೆ ಬರುತ್ತಾರೆ ಎಂದರು. ಇನ್ನೊಬ್ಬರಿಗೆ ನಾಯಕತ್ವ ಎಂದರೆ ಫಾರ್ಮುಗಳಿಗೆ ಸಹಿ ಹಾಕುವ ಕಾಟ. ಹಿಂದೆ ಯಾರಾದರೂ ನಿಜವಾಗಿ ಬರುತ್ತಿದ್ದಾರಾ ಎಂದು ತಿರುಗಿ ನೋಡಿದವರು ಮಾತ್ರ ಕಾಣಲಿಲ್ಲ.

ಒಂಬತ್ತನೆಯವರು ಮಾತಿಗೆ ಮೊದಲು ಪೆನ್ನಿನ ಮುಚ್ಚಳ ಟಕ್ ಟಕ್ ಎನಿಸಿದರು. ನನ್ನ ಮಾರ್ಕ್ಸ್ ಕಾರ್ಡ್ ಮುಂದಿಟ್ಟುಕೊಂಡು ಕೂತಾಗ ಕೇಳಿಸುತ್ತಿದ್ದ ಅದೇ ಸದ್ದು.

ಅಪ್ಪ.

ಅಲ್ಲೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಅವರ ಇಂಗ್ಲಿಷನ್ನು ನಮ್ಮ ಮನೆಯ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ:

“ನನ್ನ ಸ್ಟೂಡೆಂಟ್ ಒಬ್ಬ, 2022ರಲ್ಲಿ, ಎಲ್ಲ ಬಿಟ್ಟು ಹೋಗ್ತೀನಿ ಅಂದ. ಮೊದಲು ಟೈಮ್‌ಟೇಬಲ್ ಹಾಕಿಕೊಟ್ಟೆ. ವರ್ಕ್ ಆಗಲಿಲ್ಲ. ಆಮೇಲೆ ಪ್ರತಿ ಗುರುವಾರ ಸಂಜೆ ಹಾಕರ್ ಸೆಂಟರ್‌ನಲ್ಲಿ ಅವನ ಜೊತೆ ಊಟಕ್ಕೆ ಕೂತೆ, ಒಂದು ಸೆಮಿಸ್ಟರ್ ಪೂರ್ತಿ. ಥೀಸಿಸ್ ಸುದ್ದಿ ಎತ್ತಲಿಲ್ಲ. ಅವನು ಹೇಳಿದ್ದನ್ನ ಕೇಳಿಸ್ಕೊಂಡೆ, ಅಷ್ಟೆ. ಹುಡುಗ ಉಳ್ಕೊಂಡ. ಲೀಡರ್‌ಶಿಪ್ ಅಂದ್ರೆ ಇದು ಅಂತ ಆಗ ಗೊತ್ತಾಯ್ತು.”

ಅಕ್ಕ, ಆ ಗುರುವಾರಗಳು ನಿನಗೆ ನೆನಪಿವೆಯಾ? “ಕಮಿಟಿ ಮೀಟಿಂಗ್ ಇದೆ” ಎನ್ನುತ್ತಿದ್ದರು. ನಾನು ಶಾಲೆಗೆ ಹೋಗುವುದನ್ನು ನಿಲ್ಲಿಸಿದ್ದು ಅದೇ ವರ್ಷ, ಅದೇ ತಿಂಗಳುಗಳಲ್ಲಿ. ನನಗೂ ಒಂದು ಟೈಮ್‌ಟೇಬಲ್ ಮಾಡಿಕೊಟ್ಟಿದ್ದರು, ನಾಲ್ಕು ಬಣ್ಣದಲ್ಲಿ. ಫ್ರಿಜ್ ಮೇಲೆ ಇನ್ನೂ ಇದೆ. ನನ್ನ ವಿಷಯದಲ್ಲಿ ಅಪ್ಪ ಅಲ್ಲಿಗೇ ನಿಂತುಬಿಟ್ಟರು. ಹಾಗೆ ಕೂತು ಕೇಳಿಸಿಕೊಳ್ಳಲು ಅವರಿಗೆ ಬರುವುದಿಲ್ಲ ಎಂದುಕೊಂಡು ಎರಡು ವರ್ಷ ಸಮಾಧಾನವಾಗಿದ್ದೆ. ಬರುತ್ತಿತ್ತು.

ಪೂರ್ತಿ ಟೈಪ್ ಮಾಡಿ, ಮರುದಿನ ಆಂಟಿಯ ಮುಂದೆ ನಿಂತು ನಿಜ ಹೇಳಿದೆ.

“ಅಯ್ಯೋ, ಸ್ಟಾಪ್ ಮಾಡು ಅಂದಿದ್ನಲ್ಲೋ! ಇನ್ಮೇಲೆ ಫೈಲ್ ಕೊಡೋಕಾಗಲ್ಲ ಕಣೋ. ಯಾರಿಗೂ ಹೇಳ್ಬೇಡ.”

“ಅಕ್ಕನಿಗೆ ಹೇಳ್ತೀನಿ ಆಂಟಿ, ಹೇಳಲ್ಲ ಅಂದ್ರೆ ಸುಳ್ಳಾಗುತ್ತೆ.”

“ಥೂ ನಿನ್ನ! ಅಪ್ಪನಿಗಾದ್ರೂ ಹೇಳ್ಬೇಡ. ಪ್ರಾಮಿಸ್ ಮಾಡು.”

ಮಾಡಿದೆ.

ನಿನ್ನೆ ಊಟಕ್ಕೆ ಕೂತಾಗ ಅಪ್ಪ ಕೇಳಿದರು, “ಟೈಪಿಂಗ್ ಕೆಲಸ?”

“ಇಲ್ಲ. ಹೋಯ್ತು.”

“ಇದೂ ಬಿಟ್ಯಾ? ಭೇಷ್. ಟೈಪಿಂಗೂ ಕಷ್ಟ ಆಯ್ತಾ?”

ಅಮ್ಮ ಅವರ ತಟ್ಟೆಗೆ ಸಾರು ಬಡಿಸಿದಳು. ಆಂಟಿಗೆ ಮಾತು ಕೊಟ್ಟಾಗಿತ್ತು. ಅನ್ನ ಕಲೆಸುತ್ತ ಕೂತೆ. ಅವರ ಲೆಕ್ಕದಲ್ಲಿ ನಾನು ಇನ್ನೊಂದು ಕೆಲಸ ಬಿಟ್ಟವನು. ಇನ್ನು ಅದನ್ನು ತಿದ್ದುವ ದಾರಿ ಇಲ್ಲ. ಬೆಳಿಗ್ಗೆ ಏಳಬೇಕು ಎನ್ನಿಸುತ್ತಿಲ್ಲ, ಅಕ್ಕ. ದೊಡ್ಡದು ಮಾಡಿ ಹೇಳುತ್ತಿಲ್ಲ, ಇದ್ದದ್ದನ್ನು ಬರೆಯುತ್ತಿದ್ದೇನೆ.

ಚಿಕ್ಕವರು ಹರಸಬಾರದಂತೆ. ಆದರೂ, ನೀನು ಕಟ್ಟುವ ಸೇತುವೆಗಳು ಗಟ್ಟಿಯಾಗಿ ನಿಲ್ಲಲಿ. ಹೊಟ್ಟೆ ತುಂಬ ಊಟ ಮಾಡು.

ನಿನ್ನ
ತನ್ಮಯ್

ಮರೆತ ಮಾತು: ಕೊನೆಗೆ ಸಂದರ್ಶಕಿ ಕೇಳುತ್ತಾಳೆ, “ಮನೆಯಲ್ಲೂ ಹೀಗೇನಾ? ಮಕ್ಕಳು?” ನಾಲ್ಕು ಸೆಕೆಂಡು ಮೌನ, ಮೂರು ಸಲ ಅಳೆದೆ. ಆಮೇಲೆ ಅಪ್ಪ, “ಒಬ್ಬಳೇ ಮಗಳು. ಮೆಲ್ಬರ್ನ್‌ನಲ್ಲಿ ಸ್ಟ್ರಕ್ಚರಲ್ ಎಂಜಿನಿಯರಿಂಗ್ ಮಾಡ್ತಿದಾಳೆ,” ಎಂದರು. ನಿಯಮದಂತೆ ನಿನ್ನ ಊರು, ನಿನ್ನ ಓದು ಎರಡರ ಮೇಲೂ ಕಪ್ಪು ಗೆರೆ ಹಾಕಿದೆ. ನನ್ನದು ಅಳಿಸಲು ಏನೂ ಇರಲಿಲ್ಲ.