ಕೈಯಂತ್ರಕ್ಕೆ ನಿದ್ದೆ ಕಲಿಸಿದ ರಾಜಾಸಾಬರಿಗೆ

ಗೆಳೆಯರಾದ ರಾಜಾಸಾಬರೇ,

ನೀವು ಹೋಗಿ ಮೂರು ವರ್ಷ ತುಂಬುತ್ತ ಬಂತು. ಯಲಬುರ್ಗಾದ ಮನೆಯ ಪಡಸಾಲೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಕಾಲುವೆ ಕಚೇರಿಯ ಗುಮಾಸ್ತನಾಗಿ ಬದುಕಿನುದ್ದಕ್ಕೂ ಅನ್ಯರ ಪರವಾಗಿ ಪತ್ರಗಳನ್ನು ಬರೆದ ಕೈ ಇದು. ತನ್ನ ಪರವಾಗಿ ಒಂದನ್ನು ಬರೆಯಲು ಇಷ್ಟು ದಣಿಯುತ್ತದೆಂದು ಯಾರು ತಿಳಿದಿದ್ದರು? ನಾಲ್ಕು ಸಲ ಆರಂಭಿಸಿ ಹರಿದು ಹಾಕಿದ್ದೇನೆ. ನಿಮ್ಮ ಸೇವಾ ಪುಸ್ತಕದಲ್ಲಿ ‘ಕರ್ತವ್ಯಲೋಪ’ ಎಂಬ ಮಾತು ಸೇರಿದ್ದು ನನ್ನಿಂದ. ಅದಕ್ಕೊಂದು ಪರಿಹಾರ ಕಾಣದೆ ನಿಮಗೆ ಕಾಗದ ಬರೆಯಲು ನನಗೆ ಮುಖವಿರಲಿಲ್ಲ. ಈಗಲಾದರೂ ಇದೆಯೆ ಎಂದು ಕೇಳಿದರೆ...

ಕೈಯಂತ್ರಗಳು ಬಂದ ದಿನ ನಿಮಗೆ ನೆನಪಿರಬೇಕು. ಗೇಜು ನೋಡುವ ನಿಮ್ಮನ್ನೆಲ್ಲ ಕಚೇರಿಯ ಅಂಗಳಕ್ಕೆ ಕರೆಸಿ, ಅಂಗೈಯಗಲದ ಕಪ್ಪು ಯಂತ್ರವೊಂದನ್ನು ಒಬ್ಬೊಬ್ಬರ ಕೈಗೂ ಕೊಟ್ಟರು. ಕಾಲುವೆಯ ಅಳತೆಪಟ್ಟಿಯಲ್ಲಿ ನೀರು ಎಷ್ಟಿದೆಯೆಂದು ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ನೋಡಿ, ಆ ಅಂಕಿಯನ್ನು ಅಂತರ್ಜಾಲದ ಮೂಲಕ ಕಚೇರಿಗೆ ಕಳುಹಿಸಬೇಕು. ಅದನ್ನು ನೋಡಿಯೇ ಮೇಲಿನ ತೂಬನ್ನು ಏರಿಸುವುದೊ ಇಳಿಸುವುದೊ ಎಂದು ನಿರ್ಧರಿಸುತ್ತಾರೆ. ನೀವು ಯಂತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ವಿರುಪಣ್ಣಾರ, ಇದು ನೀರ ಅಳೀತೈತೋ ನನ್ನ ಅಳೀತೈತೋ?” ಎಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಉತ್ತರ ಆಗಲೇ ನನ್ನ ಮೇಜಿನ ಮೇಲಿತ್ತು. ಯಂತ್ರವನ್ನು ಎಂದಿಗೂ ಆರಿಸತಕ್ಕದ್ದಲ್ಲ, ಅದು ಐದು ನಿಮಿಷಕ್ಕೊಮ್ಮೆ ತಾನಿರುವ ಸ್ಥಳವನ್ನು ಕಚೇರಿಗೆ ತಿಳಿಸುತ್ತಿರತಕ್ಕದ್ದು ಎಂಬ ಸುತ್ತೋಲೆಯ ಕರಡು ಅದು. ಬರೆದವನು ನಾನು.

ಮೊದಲ ವಾರದಲ್ಲಿಯೇ ನಿಮ್ಮ ಸಂಜೆಯ ಅಂಕಿ ಬರುವುದು ನಿಂತಿತು. ನಿಮ್ಮದು ಉಪಕಾಲುವೆಯ ಕಟ್ಟಕಡೆಯ ಗೇಜು. ಗಂಗಾವತಿಯ ಆಚೆ ಬಸ್ಸಿನಿಂದಿಳಿದು ಏರಿಯ ಮೇಲೆ ಸೈಕಲ್ ತುಳಿಯಬೇಕು. ತಗಡಿನ ಮಾಡಿನ ಆ ಕೋಣೆಗೆ ವಿದ್ಯುತ್ತಿಲ್ಲ. ಹಳ್ಳಿಯ ಚಹದಂಗಡಿಯಲ್ಲಿ ತುಂಬಿಸಿಕೊಂಡು ತಂದ ಬ್ಯಾಟರಿ ಮಧ್ಯಾಹ್ನಕ್ಕೇ ಬರಿದಾಗುತ್ತಿತ್ತು. (‘ವಿದ್ಯುತ್ಕೋಶ’ ಎಂದು ಬರೆಯಹೊರಟಿದ್ದೆ, ನೀವು ನಗುತ್ತೀರೆಂದು ಬಿಟ್ಟೆ.) ಸಂಜೆಯ ಅಂಕಿ ಬಾರದಿದ್ದರೆ ಕಚೇರಿಯ ಗಣಕಯಂತ್ರ ಬೆಳಗಿನದನ್ನೇ ಮತ್ತೆ ಬರೆದುಕೊಳ್ಳುತ್ತಿತ್ತು. ಕಾಲುವೆಯಲ್ಲಿ ನೀರು ಇಳಿದಿದ್ದರೂ ಕಚೇರಿಯಲ್ಲಿ ತುಂಬಿಯೇ ಇರುತ್ತಿತ್ತು, ತೂಬು ಏರುತ್ತಿರಲಿಲ್ಲ. ಕೊನೆಯ ಗದ್ದೆಗಳವರು ನಿಮ್ಮ ಕೋಣೆಯ ಮುಂದೆ ಬಂದು ನಿಂತರು. “ನೀ ನಿದ್ದಿ ಹೊಡದ್ರ ನಮ್ಮ ಗದ್ದಿಗೆ ನೀರ ಹೆಂಗ ಬರಬೇಕೋ ರಾಜಾ?” ಎಂದು ಒಬ್ಬ ಕೂಗಿದನಂತೆ. “ನಾ ನಿದ್ದಿ ಹೊಡದಿಲ್ಲೋ ಮಾವ. ಈ ಮಶೀನಿಗೆ ನಿದ್ದಿನ ಇಲ್ಲ, ಅದಕ್ಕ ಸತ್ತೈತಿ” ಎಂದು ನೀವು ಹೇಳಿದಿರಂತೆ.

ಒಂದು ಮಧ್ಯಾಹ್ನ ತಪಾಸಣೆಯ ಕಾಗದಗಳನ್ನು ಹಿಡಿದು ನಾನು ನಿಮ್ಮ ಕೋಣೆಗೆ ಬಂದಾಗ ನೀವು ಜಾಲಿಯ ಕೊಂಬೆಗೆ ಯಂತ್ರವನ್ನು ಕಟ್ಟಿ, ಕೆಳಗೆ ಕುಳಿತು ಕಾಯುತ್ತಿದ್ದಿರಿ. ತೊಡೆಯ ಮೇಲೆ ಗೆರೆ ಹಾಕಿದ ಉದ್ದನೆಯ ಪುಸ್ತಕ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವರ ಅಕ್ಷರ. ಆದರೆ ಅಂಕಿಗಳು ಎಷ್ಟು ದುಂಡಗಿದ್ದವು! ಒಂದು ದಿನ ಪರದೆಯ ಬೆಳಕನ್ನು ತಗ್ಗಿಸಿದ್ದೀರಿ, ಬ್ಯಾಟರಿ ಎಷ್ಟು ಹೊತ್ತು ಉಳಿಯಿತೆಂದು ಬರೆದಿದ್ದೀರಿ. ಮತ್ತೊಂದು ದಿನ ಬೆಳಕು ಮೊದಲಿನಂತೆ, ಯಂತ್ರ ಮಾತ್ರ ಕಿಟಕಿಯಲ್ಲಿ. ಎರಡನ್ನೂ ಒಟ್ಟಿಗೆ ಏಕೆ ಮಾಡಬಾರದೆಂದು ಕೇಳಿದೆ. “ಒಂದ ಸಲಕ್ಕ ಒಬ್ಬ ಕಳ್ಳನ್ನ ಹಿಡೀಬೇಕ್ರಿ. ಇಬ್ಬರನ್ನ ಹಿಡದ್ರ ಕದ್ದಾಂವ ಯಾರು ಅಂತ ತಿಳಿಯಂಗಿಲ್ಲ” ಎಂದಿರಿ. ಕಳ್ಳ ಸಿಕ್ಕಿಯೂ ಸಿಕ್ಕಿದ್ದ. ತಗಡಿನ ಕೆಳಗೆ ಸಂಕೇತ ಕ್ಷೀಣವಾಗಿ, ಯಂತ್ರ ಗೋಪುರವನ್ನು ಹುಡುಕುತ್ತಲೇ ಇರುತ್ತಿತ್ತು. ಹೇಮಗುಡ್ಡದ ಕಡೆಗೆ ಮುಖ ಮಾಡಿ ಎತ್ತರದಲ್ಲಿ ಕಟ್ಟಿದರೆ ಹುಡುಕಾಟ ಕಡಿಮೆ. “ಟವರ್ ಹುಡುಕಿ ಹುಡುಕಿ ಸುಸ್ತಾಗತೈತ್ರಿ, ಪಾಪ. ಮ್ಯಾಲ ಐದೈದ ನಿಮಿಷಕ್ಕ ಎಬ್ಬಿಸಿ, ಎಲ್ಲಿದ್ದೀಯೋ ಅಂತ ಕೇಳ್ತಾರ. ಯಾರಿಗ್ರಿ ತಾಳಕಿ ಇರತೈತಿ?”

ಆಮೇಲೆ ನೀವು ಪರದೆಯ ಮೂಲೆಯಲ್ಲಿದ್ದ ಪುಟ್ಟ ವಿಮಾನದ ಚಿತ್ರವನ್ನು ನನಗೆ ತೋರಿಸಿದಿರಿ. ಅದನ್ನು ಒತ್ತಿದರೆ ಯಂತ್ರ ಆರುವುದಿಲ್ಲ; ಗೋಪುರದ ಹಂಗು ತೊರೆದು ಸುಮ್ಮನೆ ಮಲಗುತ್ತದೆ. ಬೆಳಿಗ್ಗೆ ಆರಕ್ಕೆ ಎಬ್ಬಿಸಿ ಅಂಕಿ ಕಳುಹಿಸಿ ಮಲಗಿಸುವುದು, ಸಂಜೆ ಆರಕ್ಕೆ ಮತ್ತೆ ಎಬ್ಬಿಸುವುದು. ಅರ್ಧ ದಿನವೂ ಬಾಳದಿದ್ದ ಬ್ಯಾಟರಿ ಮೂರು ದಿನ ಉಳಿಯಿತು. ಅಂದಿನಿಂದ ನಿಮ್ಮ ಒಂದು ಅಂಕಿಯೂ ತಪ್ಪಲಿಲ್ಲ. ಕೊನೆಯ ಗದ್ದೆಗೆ ನೀರು ಮುಟ್ಟಿತು. ಜಗಳವಾಡಿದ್ದ ಆ ಮಾವನೇ ನಿಮಗೆ ಹೊಸ ಅಕ್ಕಿ ತಂದು ಕೊಟ್ಟನೆಂದು ನಾಚಿಕೊಂಡು ಹೇಳಿದಿರಿ.

ಅಧಿಕಾರಿಗಳು ನನ್ನನ್ನು ಒಳಗೆ ಕರೆದ ಆ ಬೆಳಗನ್ನು ಮರೆಯಬೇಕೆಂದರೂ ಮರೆಯಲಾರೆ. ಯಂತ್ರ ಮಲಗಿದ್ದಷ್ಟು ಹೊತ್ತೂ ಕಚೇರಿಯ ಪರದೆಯ ಮೇಲೆ ನಿಮ್ಮ ಹೆಸರು ಕೆಂಪಾಗಿ ಕಾಣುತ್ತಿತ್ತು. ಕೆಂಪೆಂದರೆ ಗೈರುಹಾಜರಿ. ಮೇಲಿನವರ ಸಭೆಯಲ್ಲಿ ಅದನ್ನು ಯಾರೋ ಎತ್ತಿ ಆಡಿದರಂತೆ. “ಮಶೀನ ಆರಿಸಿ ಮನಿಗೆ ಹೋಗ್ಯಾನ ಅಂತ ಕಾಣ್ತದ. ಒಂದ ನೋಟಿಸು ಬರೀರಿ” ಎಂದರು. ‘ಯಂತ್ರವನ್ನು ಆರಿಸಿರುವುದು ಕಂಡುಬಂದಿರುತ್ತದೆ’ ಎಂದು ಬರೆದೆ. ಅಷ್ಟೇ ಸಾಕಾಗಿತ್ತು. ಆದರೆ ವಾಕ್ಯ ನನಗೆ ಬಡಕಲಾಗಿ ಕಂಡಿತು, ರಾಜಾಸಾಬರೇ. ಕಚೇರಿಯ ಪತ್ರಕ್ಕೆ ತಕ್ಕ ತೂಕವಿಲ್ಲವೆನಿಸಿತು. ‘ಉದ್ದೇಶಪೂರ್ವಕವಾಗಿಯೂ, ತಮ್ಮ ಗೈರುಹಾಜರಿಯನ್ನು ಮರೆಮಾಚುವ ಸಲುವಾಗಿಯೂ’ ಎಂದು ಸೇರಿಸಿದೆ. ಯಾರೂ ಹೇಳಿರಲಿಲ್ಲ. ಅಧಿಕಾರಿಗಳು ಓದಿ, “ಛಲೋ ಬರದೀರಿ” ಎಂದರು. ನಾನು ಹಿಗ್ಗಿದೆ. ನಿಮ್ಮ ಪುಸ್ತಕವನ್ನು ಕಣ್ಣಾರೆ ಕಂಡವನು ಅವರ ಮುಂದೆ ಒಂದು ಮಾತು ಏಕೆ ಆಡಲಿಲ್ಲ? ಕರಡು ಬರೆಯುವವನಿಗೆ ಸ್ವಂತ ಅಭಿಪ್ರಾಯವಿರಕೂಡದೆಂದು ನಂಬಿದ್ದೆ. ಹಾಗಾದರೆ ನಾನು ಸೇರಿಸಿದ ಆ ಎರಡು ಮಾತುಗಳು ಯಾರ ಅಭಿಪ್ರಾಯ?

ಮೂರನೆಯ ದಿನ ನೀವು ಆ ನೋಟಿಸನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಬಂದು ನನ್ನೆದುರಿಗೇ ಕುಳಿತಿರಿ. ನಮ್ಮಲ್ಲಿ ಯಾರಿಗೆ ನೋಟಿಸು ಬಂದರೂ ಉತ್ತರ ಬರೆಸಿಕೊಳ್ಳಲು ನನ್ನ ಮೇಜಿಗೇ ಬರುವುದು ವಾಡಿಕೆ. ನೋಟಿಸು ಬರೆದವನೂ ನಾನೇ ಎಂಬುದು ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ. “ನೀವ ಬರದದ್ದು ನೀವ ಓದ್ರಿ” ಎಂದಿರಿ. ಓದಿದೆ. “ಮರೆಮಾಚೋದಂದ್ರ ಮುಚ್ಚಿಡೋದಲ್ರಿ? ನಾ ಏನ ಮುಚ್ಚಿಟ್ಟೀನ್ರಿ? ಪುಸ್ತಕ ನಿಮಗ ತೋರ್ಸೀನಲ್ಲ.” ಆಗಲಾದರೂ ನನಗೆ ಬುದ್ಧಿ ಬರಬಾರದಿತ್ತೆ? “ಅದನ್ನೆಲ್ಲ ಬರೆದರೆ ವಾದಕ್ಕೆ ನಿಂತಂತಾಗುತ್ತದೆ. ಕ್ಷಮೆ ಕೇಳಿಬಿಡಿ, ಮುಗಿಯುತ್ತದೆ” ಎಂದೆ. ಕ್ಷಮಾಪಣೆಯ ಪಾಠ ನನಗೆ ಬಾಯಿಪಾಠ: ನನ್ನಿಂದ ತಪ್ಪಾಗಿದೆ, ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ. “ನೀವ ಹೇಳಿದ ಮ್ಯಾಲ ಮುಗೀತ ಬಿಡ್ರಿ” ಎಂದು ಸಹಿ ಹಾಕಿದಿರಿ. ಅದು ಕ್ಷಮಾಪಣೆಯಲ್ಲ, ತಪ್ಪೊಪ್ಪಿಗೆ ಎಂದು ಅಧಿಕಾರಿಗಳು ಓದಿಕೊಂಡರು. ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯ ಸಾಲು ಬಿತ್ತು.

ನಿಮ್ಮ ಸೇವೆಯಲ್ಲಿ ಉಳಿದಿದ್ದದ್ದು ಆ ಒಂದೇ ವರ್ಷ. ಸುತ್ತೋಲೆಯಲ್ಲಿದ್ದಂತೆಯೇ ಯಂತ್ರವನ್ನು ಎಚ್ಚರವಾಗಿಟ್ಟಿರಿ. ಮಧ್ಯಾಹ್ನದವರೆಗೆ ಹೆಸರು ಹಸಿರಾಗಿರುತ್ತಿತ್ತು, ಸಂಜೆಯ ಅಂಕಿ ಮತ್ತೆ ತಪ್ಪತೊಡಗಿತು, ಗದ್ದೆಯವರು ನಿಮ್ಮೊಡನೆ ಮಾತು ಬಿಟ್ಟರು. ಬ್ಯಾಟರಿ ತುಂಬಿಸಲು ಉರಿಬಿಸಿಲಿನಲ್ಲಿ ಎಷ್ಟು ಸಲ ಆ ಚಹದಂಗಡಿಗೆ ಸೈಕಲ್ ತುಳಿದಿರೋ... ನಿವೃತ್ತರಾದ ಮೇಲೆ ಕಂಡಾಗ ಒಂದೇ ಮಾತು ಕೇಳಿದಿರಿ: “ವಿರುಪಣ್ಣಾರ, ಆ ಕೆಂಪ ಸಾಲ ತಗಿಯಾಕ ಬರತೈತೇನ್ರಿ?” ನೋಡೋಣ ಎಂದೆ. ನಾನು ನೋಡುವುದರೊಳಗಾಗಿ ನೀವು ಕಣ್ಣು ಮುಚ್ಚಿದಿರಿ.

ನೀವು ಹೋದ ನಲವತ್ತನೆಯ ದಿನ ಮನೆಗೆ ಹೋದಾಗ ನಿಮ್ಮ ಮಡದಿ ಖಾಸಿಂಬಿ ತಂಗಿ ಆ ಪುಸ್ತಕವನ್ನು ತಂದು ನನ್ನ ಮುಂದಿಟ್ಟಳು. “ನಮ್ಮ ಮನಿಯವರದು. ಒಲಿಗೆ ಹಾಕ್ಲ್ಯೋ, ಇಟ್ಕೊಳ್ಲ್ಯೋ? ನೀವ ಹೇಳ್ರಿ ಅಣ್ಣಾರ, ನೀವ ಭಾಳ ಛಂದ ಬರಿಯೋರು.” ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ತಡೆದುಕೊಳ್ಳಬಹುದಿತ್ತು. ಪುಸ್ತಕವನ್ನು ಬೇಡಿ ತಂದೆ.

ಆ ಕೆಂಪು ಸಾಲು ತೆಗೆಸಲು ಕೊಪ್ಪಳದ ಕಚೇರಿಗೆ ಎಷ್ಟು ಸಲ ಬಸ್ಸು ಹತ್ತಿದೆನೆಂದು ಹೇಳಿ ನಿಮ್ಮನ್ನು ದಣಿಸಲಾರೆ. ನಾನೂ ಆಗ ನಿವೃತ್ತ; ನಾಳೆ ಬನ್ನಿ ಎನ್ನುವುದು ಹೇಗಿರುತ್ತದೆಂದು ಕಿಟಕಿಯ ಈಚೆ ನಿಂತು ಕಲಿತೆ. ಮೃತ ನೌಕರನ ಕಡತ ಮುಗಿದಿದೆ ಎಂದರು. ಅರ್ಜಿ ಕಳೆದಿದೆ ಎಂದರು, ಮತ್ತೆ ಬರೆದೆ. ನೋಟಿಸಿನ ಆ ಎರಡು ಮಾತುಗಳು ನನ್ನವು, ಕ್ಷಮಾಪಣೆಯೂ ನನ್ನದು, ರಾಜಾಸಾಬರದು ಈ ಪುಸ್ತಕ ಮಾತ್ರ ಎಂದು ಬರೆದು ಸಹಿ ಹಾಕಿದೆ. ಕೊನೆಗೆ ಹೊಸದಾಗಿ ಬಂದ ಮಹಿಳಾ ಇಂಜಿನಿಯರರೊಬ್ಬರು ಅರ್ಜಿಯನ್ನು ಅರ್ಧ ಓದಿ ಬದಿಗಿಟ್ಟರು. “ಭಾಳ ಉದ್ದ ಐತ್ರಿ ಸರ. ಪುಸ್ತಕ ಕೊಡ್ರಿ.” ನಿಂತಲ್ಲಿಯೇ ಹಾಳೆ ಹಾಳೆ ತಿರುವಿ ನೋಡಿದರು. ನಿಮ್ಮ ಕೋಣೆಗೇ ಎರಡು ಯಂತ್ರಗಳನ್ನು ಕಳುಹಿಸಿದರು: ಒಂದು ನನ್ನ ಸುತ್ತೋಲೆಯಂತೆ, ಇನ್ನೊಂದು ನಿಮ್ಮ ಪುಸ್ತಕದಂತೆ. ನನ್ನದು ಮಧ್ಯಾಹ್ನಕ್ಕೆ ಸತ್ತಿತು. ನಿಮ್ಮದು ಮೂರನೆಯ ದಿನದ ಸಂಜೆಯೂ ಅಂಕಿ ಕಳುಹಿಸಿತು.

ಹೋದ ವಾರ ಆದೇಶವಾಯಿತು. ಅದನ್ನು ತಿಳಿಸಲೆಂದೇ ಈ ಪತ್ರ. ಕೈಯಂತ್ರ ಇನ್ನು ಮುಂದೆ ಅಂಕಿ ಕಳುಹಿಸುವಾಗ ಮಾತ್ರ ತನ್ನ ಸ್ಥಳವನ್ನು ತಿಳಿಸಿದರೆ ಸಾಕು. ಉಳಿದ ಹೊತ್ತು ಅದನ್ನು ಮಲಗಿಸತಕ್ಕದ್ದು. ನಿಮ್ಮ ಹೆಸರು ಅದರಲ್ಲಿಲ್ಲ. ಸೇವಾ ಪುಸ್ತಕದಲ್ಲಿ ಬರೆದದ್ದನ್ನು ಕೆರೆದು ತೆಗೆಯುವಂತಿಲ್ಲವಾದ್ದರಿಂದ ಕೆಂಪು ಸಾಲು ಇದ್ದಲ್ಲಿಯೇ ಇದೆ. ಅದರ ಕೆಳಗೆ ಇಂಜಿನಿಯರರು ತಮ್ಮ ಕೈಯಾರೆ ಬರೆದಿದ್ದಾರೆ: ‘ಮೇಲಿನ ಆರೋಪ ಸುಳ್ಳು. ಸಂಜೆಯ ಅಂಕಿ ತಪ್ಪದಿರಲೆಂದು ಈ ನೌಕರರು ಯಂತ್ರವನ್ನು ಮಲಗಿಸಿದ್ದಾರೆ. ನಮೂದನ್ನು ರದ್ದುಪಡಿಸಿದೆ.’

ನಿನ್ನೆ ಅದರ ನಕಲನ್ನು ಖಾಸಿಂಬಿಗೆ ಓದಿ ಹೇಳಿದೆ. “ಕೆಂಪ ಸಾಲೂ ಓದ್ರಿ” ಎಂದಳು. ಅದನ್ನೂ ಓದಿದೆ. ಅವಳು ನೀರು ತಂದು ಕೊಟ್ಟು ಕೇಳಿದಳು: “ಹಂಗಾರ ಇನ್ನ ಮಶೀನ ಮಲಗಿಸಿದ್ರ ಯಾರೂ ಬೈಯಂಗಿಲ್ಲನ್ರಿ?”

“ಇಲ್ಲಮ್ಮ. ಮಲಗಿಸಲೇಬೇಕೆಂದು ಈಗ ಆದೇಶವಾಗಿದೆ.”

“ಮಲಗಸಬೇಕಂತ ಆದೇಶ ಅಂದ್ರ ನಮ್ಮ ಮನಿಯವರು ಮಶೀನ ಎಬ್ಬಿಸಿ ಕೂಡ್ರಿಸ್ತಿದ್ರು ತಗೀರಿ. ಭಾಳ ಹಟದ ಮನಶಾ” ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ನೀವು ಹೋದ ಮೇಲೆ ಆ ಮನೆಯಲ್ಲಿ ನಾನು ಕೇಳಿದ ಮೊದಲ ನಗೆ ಅದು, ರಾಜಾಸಾಬರೇ. ಆಮೇಲೆ ನಕಲನ್ನು ನನ್ನ ಕೈಯಿಂದ ತೆಗೆದುಕೊಂಡು, ಎಲ್ಲಿಡಲೆಂದು ಸುತ್ತಲೂ ನೋಡುತ್ತ, ಬಹಳ ಹೊತ್ತು ಹಾಗೆಯೇ ಹಿಡಿದುಕೊಂಡು ನಿಂತಿದ್ದಳು.

ವಿರೂಪಾಕ್ಷಪ್ಪ
ಯಲಬುರ್ಗಾ