ಮೊದಲು ಸೈಲೆನ್ಸರೋ, ಸೀಟೋ

ಏಪ್ರಿಲ್ 18, ಮಿಲ್ವಾಕಿ

ಇವತ್ತೂ ತೀರ್ಮಾನವಾಗಲಿಲ್ಲ. ಹಿಮ ಕರಗಿದೆ, ಬೈಕು ಗ್ಯಾರೇಜಿನಲ್ಲಿ ಕಾಯುತ್ತಿದೆ, ನನ್ನ ಮನಸ್ಸೆಲ್ಲ ಹೊಸ ಸೈಲೆನ್ಸರಿನ ಮೇಲೆ. ಗುಡುಗದ ಕ್ರೂಸರ್ ಬೈಕು ಅದೆಂಥ ಕ್ರೂಸರ್!

"ಕಾಲು ನೆಟ್ಟಗೆ ನೆಲ ಮುಟ್ಟಲ್ಲ, ಊರಿಗೆಲ್ಲ ಗುಡುಗು ಕೇಳಿಸ್ಬೇಕಾ ನಿಂಗೆ? ಮೊದ್ಲು ಸೀಟು ತಗ್ಗಿಸು ಕಣೇ," ಎಂದ ನನ್ನ ಗಂಡ ಎಲ್ಡನ್.

"ಮೊದ್ಲು ನಿನ್ನ ಹೊಟ್ಟೆ ತಗ್ಗಿಸು," ಎಂದೆ.

ಅವನ ಮಾತು ನಿಜವೆಂದೇ ಇನ್ನಷ್ಟು ಸಿಟ್ಟು. ಸಿಗ್ನಲ್ಲಿನಲ್ಲಿ ಅಷ್ಟು ಭಾರದ ಗಾಡಿಯನ್ನು ತುದಿಗಾಲಲ್ಲಿ ಹಿಡಿದು ನಿಲ್ಲುವ ಪಾಡು ನನಗೆ ಗೊತ್ತಿಲ್ಲವೇ?

ಸಂಜೆ ಆಯಿಲ್ ಬದಲಿಸಲು ಬಗ್ಗಿದರೆ, ಬೈಕಿನಡಿ ಗೆಜ್ಜೆಯಷ್ಟು ಪುಟ್ಟದೊಂದು ಗಂಟೆ! ದಾರಿಯ ದೆವ್ವಗಳನ್ನು ಓಡಿಸುವ ಗಂಟೆ. ನಾವೇ ಕೊಂಡರೆ ಫಲವಿಲ್ಲ, ಬೇಕಾದವರು ಕೊಡಬೇಕು ಎಂಬುದು ನಮ್ಮ ಬೈಕಿನವರ ನಂಬಿಕೆ. ಅದನ್ನು ಇಷ್ಟು ವರ್ಷ ಗೇಲಿ ಮಾಡಿದವನು ಎಲ್ಡನ್.

"ಗಂಟೆ ಯಾರು ಕಟ್ಟಿದ್ದೋ?" ಎಂದು ಕೇಳಿದೆ.

"ಯಾವ ಗಂಟೆ?" ಎಂದ, ಟಿವಿಯಿಂದ ಕಣ್ಣು ತೆಗೆಯದೆ. ಪ್ಯಾಂಟಿನ ಮಂಡಿಯ ಮೇಲೆ ಗ್ರೀಸಿನ ಕಲೆ. ಮೊಣಕಾಲು ನೋವೆಂದು ಚರ್ಚಿನಲ್ಲೂ ಮಂಡಿಯೂರದ ಮನುಷ್ಯ!

ಸೀಟೇ ಮೊದಲಾಗಲಿ. ಆ ಸೈಲೆನ್ಸರ್ ಅಬ್ಬರಿಸತೊಡಗಿದರೆ ಇಷ್ಟು ಸಣ್ಣ ಗಂಟೆಯ ಸದ್ದು ನನಗೆ ಕೇಳಿಸುವುದಾದರೂ ಹೇಗೆ?