ಅದೇ ಕಪ್ಪು ಕಾರಿನಲ್ಲಿ ಬಾ

ಅಣ್ಣ ತ್ರಾಯ್ಲೋಗೆ,

ವಿಯೆನ್ನಾದಲ್ಲಿ ಸುಖವಾಗಿದ್ದೀಯ ಅಂದುಕೊಂಡಿದ್ದೇನೆ. ಅಮ್ಮ ತೀರಿಹೋದ ನಲವತ್ತನೇ ದಿನದ ಊಟ ಬರುವ ಭಾನುವಾರ. ಕುರಿ ಕೊಯ್ಯಲು ಪಕ್ಕದ ಮನೆಯ ಯೋರ್ಗೊ ಮಾವ ಒಪ್ಪಿದ್ದಾರೆ.

ನೀನು ಅದೇ ಕಪ್ಪು ಕಾರಿನಲ್ಲೇ ಬರಬೇಕು. ವಿಯೆನ್ನಾಕ್ಕೆ ದುಡಿಯಲು ಹೋದವರು ಬೇಸಿಗೆಗೆ ತರುವ ಕಾರು ನೋಡುವುದೇ ನಮ್ಮೂರಿಗೆ ಹಬ್ಬ. ನಿನ್ನದಕ್ಕೆ ದೃಷ್ಟಿಯಾಗದಿರಲೆಂದು ಅಮ್ಮನೇ ಕೆಂಪು ದಾರ ಕಟ್ಟಿದ್ದಳು.

ಅವಳು ರಕ್ತ ಕಾರಿದ ಬೆಳಿಗ್ಗೆ, ಗಡಿಯಾಚೆ ಬಲ್ಗೇರಿಯಾದ ವಿದಿನ್ ಊರಿನ ಆಸ್ಪತ್ರೆಯೇ ಹತ್ತಿರವೆಂದು ಅಂಗಳದಲ್ಲಿ ನಿಂತವರೆಲ್ಲ ಹೇಳಿದರು. ನೀನು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಬಾಡಿಗೆ ಗಾಡಿ ಕಣೇ. ಬಲ್ಗೇರಿಯಾಕ್ಕೆ ಒಯ್ಯೋಕೆ ಕಂಪನಿ ಬಿಟ್ಟಿಲ್ಲ. ಗಡೀಲಿ ಹಿಡಿದ್ರೆ ಊರಿಗೆಲ್ಲ ಗೊತ್ತಾಗುತ್ತೆ" ಅಂದೆ. ಅಂಗಳಕ್ಕೆ ಬಂದವನು, "ಸೀಟೆಲ್ಲ ಗಲೀಜಾಗುತ್ತೆ, ಬೇರೆ ಗಾಡಿ ನೋಡಿ" ಅಂದೆ. ಯೋರ್ಗೊ ಮಾವನ ಟ್ರಾಕ್ಟರ್ ಗಡಿ ಮುಟ್ಟುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಳು.

ಈಗ ನಿನ್ನ ಹೆಸರೆತ್ತಿದರೆ ಊರವರು ಉಗಿಯುತ್ತಾರೆ. ಸ್ವಂತ ಕಾರಿನ ಸೀಟಿಗೆ ಹೆತ್ತವಳಿಗಿಂತ ಹೆಚ್ಚು ಬೆಲೆ ಕೊಟ್ಟವನು ಅನ್ನುತ್ತಾರೆ. ಕಾರು ನಿನ್ನದಲ್ಲವೆಂದು ತಿಳಿದರೆ ನಾಲ್ಕು ದಿನ ನಕ್ಕು ಕ್ಷಮಿಸಿಬಿಡುತ್ತಾರೆ. ನೀನಂತೂ ಅದನ್ನು ಹೇಳಲಾರೆ.

ಅವರು ಕ್ಷಮಿಸಿಬಿಡುತ್ತಾರೆ ಅಂತಲೇ ನಾನೂ ಬಾಯಿ ಬಿಟ್ಟಿಲ್ಲ.

ನಿನ್ನ ತಂಗಿ,
ಫ್ಲೋರಿಕಾ